ಹರಸುವ ಕೈಗೂ ಕಟ್ಟಳೆ

(ಶ್ರಾವಣ ಮಾಸದ ಪ್ರವಚನಮಾಲೆಯಲ್ಲಿ ಪೂಜ್ಯರು ದಯಪಾಲಿಸಿದ ಪ್ರವಚನ. ಧ್ವನಿಮುದ್ರಣದಿಂದ ಬರೆದುಕೊಂಡದ್ದು.)



ಇಂದಿನ ವಿಷಯವನ್ನು ಎತ್ತಿಕೊಳ್ಳುವ ಮೊದಲು ನಿಮ್ಮೆದುರಿಗೆ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಪೀಠದ ಮೇಲೆ ಕುಳಿತವರು ತಪ್ಪು ಒಪ್ಪಿಕೊಳ್ಳುವುದು ಅಷ್ಟಾಗಿ ರೂಢಿಯಲ್ಲಿಲ್ಲ. ಆದರೂ ಅದನ್ನು ಹೇಳದೆ ಮುಂದಿನ ಮಾತಿಗೆ ಬಾಯಿ ಬರುವುದಿಲ್ಲ.

ಕೆಲವು ವರ್ಷಗಳ ಹಿಂದೆ ಹತ್ತಿರದ ಹಳ್ಳಿಯ ರೈತರೊಬ್ಬರು ಮಠಕ್ಕೆ ಬಂದರು. ಹೆಸರು ಬೇಡ, ಅವರು ಈ ಸಭೆಯಲ್ಲಿಯೇ ಇದ್ದಾರೆ, ಈ ಕಥೆಯನ್ನು ಹೇಳಲು ಅವರ ಒಪ್ಪಿಗೆಯನ್ನೂ ಕೇಳಿ ಪಡೆದಿದ್ದೇವೆ. ಅವರಿಗೆ ಸಕ್ಕರೆ ಕಾಯಿಲೆ. ಕಾಲಿನ ಬೆರಳಿಗೆ ಆದ ಸಣ್ಣ ಗಾಯ ಮಾಯದೆ ಉಳಿದಿತ್ತು. ಎಲ್ಲರಂತೆ ಅಡ್ಡಬಿದ್ದು "ಬುದ್ಧೀ, ಆಶೀರ್ವಾದ ಮಾಡಬೇಕು" ಎಂದರು. ನಾವು ಭಸ್ಮ ಕೊಟ್ಟೆವು. "ಒಳ್ಳೆಯದಾಗುತ್ತದೆ, ಹೋಗಿ ಬಾರಪ್ಪ" ಎಂದೆವು. ದಿನಕ್ಕೆ ನೂರು ಜನರಿಗೆ ಹೇಳುವ ಮಾತು ಅದು. ಆಡಿ ಆಡಿ ನಮ್ಮ ಕಿವಿಗೇ ಕೇಳಿಸುವುದಿಲ್ಲ. ಆದರೆ ಅವರ ಕಿವಿಗೆ ಕೇಳಿಸಿತು. ಮನೆಗೆ ಹೋದವರೇ ಗುಳಿಗೆಯ ಡಬ್ಬಿಯನ್ನು ದೇವರ ಗೂಡಿನಲ್ಲಿಟ್ಟರು. ಬೆಳಿಗ್ಗೆ ಸಂಜೆ ಗಾಯಕ್ಕೆ ಭಸ್ಮ ಹಚ್ಚಿದರು, ಚಿಟಿಕೆ ಭಸ್ಮವನ್ನು ನೀರಿನಲ್ಲಿ ಕದಡಿ ಕುಡಿದರು. ಎರಡು ತಿಂಗಳು ಕಳೆಯಿತು. ಮಗ ಆಸ್ಪತ್ರೆಗೆ ಹೊತ್ತುಕೊಂಡು ಹೋದಾಗ ವೈದ್ಯರು ಜೀವ ಉಳಿಸಿದರು, ಪಾದ ಉಳಿಸಲು ಆಗಲಿಲ್ಲ.

ಸುದ್ದಿ ಕೇಳಿ ನಾವು ನೋಡಲು ಹೋದೆವು. ಅವರು ನಮ್ಮನ್ನು ದೂರಲಿಲ್ಲ. ದೂರಿದ್ದರೆ ಎಷ್ಟೋ ಹಗುರವಾಗುತ್ತಿತ್ತು. "ಬುದ್ಧೀ, ನೀವು ಭಸ್ಮ ಕೊಟ್ಟ ಮೇಲೂ ಗುಳಿಗೆ ನುಂಗಿದರೆ ನಿಮ್ಮ ಮೇಲೆ ನಂಬಿಕೆ ಇಲ್ಲದಂಗೆ ಆಗ್ತದಲ್ಲ ಅಂತ ಬಿಟ್ಟೆ" ಎಂದರು.

ಗುಳಿಗೆ ಬಿಡು ಎಂದು ನಾವು ಹೇಳಿರಲಿಲ್ಲ. ಅದು ನಿಜ. ಆದರೆ ಬಿಡಬೇಡ ಎಂದೂ ಹೇಳಿರಲಿಲ್ಲ. ಗುಳಿಗೆ ತೆಗೆದುಕೊಳ್ಳುತ್ತೀಯೇನಪ್ಪ ಎಂದು ಒಂದು ಮಾತು ಕೇಳಿರಲಿಲ್ಲ. ಆ ಒಂದು ಮಾತಿಗೆ ಎಷ್ಟು ಹೊತ್ತು ಹಿಡಿಯುತ್ತಿತ್ತು?

ಅದೇ ದಿನಗಳಲ್ಲಿ, ಇಂಗ್ಲೆಂಡಿನಲ್ಲಿ ವೈದ್ಯರಾಗಿರುವ ನಮ್ಮ ಮಠದ ಭಕ್ತರೊಬ್ಬರು ರಜೆಗೆ ಬಂದಿದ್ದರು. ಅವರೆದುರು ಈ ಸಂಕಟವನ್ನು ತೋಡಿಕೊಂಡೆವು. ಅವರು ಸಮಾಧಾನ ಹೇಳಲಿಲ್ಲ. "ಬುದ್ಧೀ, ನಮ್ಮಲ್ಲಿ ಕೈಯಿಟ್ಟು ಪ್ರಾರ್ಥಿಸಿ ಗುಣಪಡಿಸುವವರು ಇದ್ದಾರೆ. ಹೀಲರು ಎನ್ನುತ್ತಾರೆ. ಅವರಿಗೆ ಅವರದೇ ಸಂಘ, ಅವರದೇ ಕಟ್ಟಳೆ. ರೋಗಿಯನ್ನು ಮುಟ್ಟುವ ಮೊದಲು ಏನು ಕೇಳಬೇಕು ಎಂಬುದನ್ನು ಬರೆದಿಟ್ಟುಕೊಂಡಿದ್ದಾರೆ" ಎಂದರು. ನಮಗೆ ಆಶ್ಚರ್ಯವಾಯಿತು. ವಿಜ್ಞಾನದ ನಾಡಿನಲ್ಲಿ ಕೈಯಿಟ್ಟು ಹರಸುವವರ ಸಂಘವೇ? ಮುಂದೆ ಓದಿಯೂ ಕೇಳಿಯೂ ತಿಳಿದುಕೊಂಡೆವು. ಅದನ್ನೇ ಇಂದು ನಿಮ್ಮೊಡನೆ ಹಂಚಿಕೊಳ್ಳುತ್ತೇವೆ.

ಆ ನಾಡಿನ ಕಾನೂನು ವಿಚಿತ್ರವಾದುದು. ೧೮೫೮ರಲ್ಲಿಯೇ ಅಲ್ಲಿ ವೈದ್ಯರ ಹೆಸರುಗಳನ್ನು ಬರೆದಿಡುವ ರಿಜಿಸ್ಟರು ಹುಟ್ಟಿತು. ಅದರಲ್ಲಿ ಹೆಸರಿಲ್ಲದವನು ತಾನು ನೋಂದಾಯಿತ ವೈದ್ಯನೆಂದು ಹೇಳಿಕೊಳ್ಳುವಂತಿಲ್ಲ. ಹೇಳಿಕೊಳ್ಳದೆ ಚಿಕಿತ್ಸೆ ಮಾಡುವುದಕ್ಕೆ ಮಾತ್ರ ಸಾಮಾನ್ಯವಾಗಿ ಅಡ್ಡಿಯಿಲ್ಲ! ಬಾಗಿಲು ತೆರೆದೇ ಇದೆ. ಅಲ್ಲಲ್ಲಿ ಕೆಲವು ಬೇಲಿಗಳನ್ನು ಹಾಕಿದ್ದಾರೆ. ಕ್ಯಾನ್ಸರ್ ಗುಣಪಡಿಸುತ್ತೇವೆಂದು ಸಾರ್ವಜನಿಕರಿಗೆ ಜಾಹೀರಾತು ಕೊಡುವುದನ್ನು ೧೯೩೯ರ ಕಾಯಿದೆ ನಿಷೇಧಿಸಿತು. ದನಕರುಗಳ ಚಿಕಿತ್ಸೆ ಪಶುವೈದ್ಯರದೇ ಎಂದು ೧೯೬೬ರ ಕಾಯಿದೆ ಹೇಳಿತು. ಉಳಿದ ಹೊಲವೆಲ್ಲ ಬಯಲು.

ಈ ಬಯಲಿನಲ್ಲಿ ಹೆಸರಾದವರು ಹ್ಯಾರಿ ಎಡ್ವರ್ಡ್ಸ್ ಎಂಬುವರು. ೧೮೯೩ರಲ್ಲಿ ಹುಟ್ಟಿ ೧೯೭೬ರಲ್ಲಿ ತೀರಿಕೊಂಡರು. ಕಸುಬಿನಿಂದ ಮುದ್ರಕರು, ಅಚ್ಚುಕೂಟ ನಡೆಸಿ ಹೊಟ್ಟೆ ಹೊರೆದವರು. ಸರ್ರೆ ಸೀಮೆಯ ಶಿಯರ್ ಎಂಬ ಊರಿನ ಬಳಿ ಅವರ ಆಶ್ರಮ. ನಿತ್ಯ ರಾಶಿ ರಾಶಿ ಕಾಗದಗಳು, ನನ್ನ ಮಗುವಿಗಾಗಿ ಪ್ರಾರ್ಥಿಸಿರಿ, ನನ್ನ ಗಂಡನಿಗಾಗಿ ಪ್ರಾರ್ಥಿಸಿರಿ ಎಂದು. ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಸಾವಿರಾರು ಜನರೆದುರು ಕೈಯಿಟ್ಟು ತೋರಿಸುತ್ತಿದ್ದರು. ಇಂಥವರೆಲ್ಲ ಸೇರಿ ೧೯೫೪ರಲ್ಲಿ ಹೀಲರುಗಳ ರಾಷ್ಟ್ರೀಯ ಒಕ್ಕೂಟವನ್ನು ಕಟ್ಟಿಕೊಂಡರು. ಎಡ್ವರ್ಡ್ಸ್ ಅದರ ಅಧ್ಯಕ್ಷರಾಗಿದ್ದರು.

ಇವರ ಕೈಯಿಂದ ರೋಗ ಗುಣವಾಗುತ್ತಿತ್ತೇ? ಕೇಳಬೇಕಾದ ಪ್ರಶ್ನೆಯೇ. ಲೂಯಿ ರೋಸ್ ಎಂಬ ಮನೋವೈದ್ಯರು ಇದನ್ನೇ ಹಿಡಿದು ಹೊರಟರು. ಗುಣವಾಯಿತು ಎಂದು ಹೇಳಲಾದ ೯೫ ಪ್ರಕರಣಗಳನ್ನು ಬೆನ್ನುಹತ್ತಿ, ಫಲಿತಾಂಶವನ್ನು ಅದೇ ೧೯೫೪ರಲ್ಲಿ ಬ್ರಿಟಿಷ್ ವೈದ್ಯರ ಪತ್ರಿಕೆಯಲ್ಲಿ ಪ್ರಕಟಿಸಿದರು. ೫೮ ಪ್ರಕರಣಗಳಲ್ಲಿ ಆಸ್ಪತ್ರೆಯ ದಾಖಲೆಗಳೇ ಸಿಕ್ಕಲಿಲ್ಲ. ೨೨ರಲ್ಲಿ ಸಿಕ್ಕಿದ ದಾಖಲೆಗೂ ಹೇಳಿದ ಕಥೆಗೂ ಹೊಂದಿಕೆಯೇ ಇರಲಿಲ್ಲ. ಉಳಿದ ಹದಿನೈದರಲ್ಲಿ ಕೆಲವರು ಚೇತರಿಸಿಕೊಂಡು ಮತ್ತೆ ಬಿದ್ದವರು, ಕೆಲವರು ಜೊತೆಜೊತೆಗೆ ವೈದ್ಯರ ಔಷಧಿಯನ್ನೂ ತೆಗೆದುಕೊಂಡವರು. ಇದು ಕೈಯಿಟ್ಟದ್ದರಿಂದಲೇ ಆದದ್ದು ಎಂದು ಬೆರಳಿಟ್ಟು ತೋರಿಸುವಂಥದು ಉಳಿಯಲಿಲ್ಲವೆಂದೇ ಹೇಳಬೇಕು.

ನಿಮ್ಮಲ್ಲಿ ಕೆಲವರಿಗೆ ಈ ಮಾತು ಹಿತವಾಗಲಿಕ್ಕಿಲ್ಲ. ನಮ್ಮ ಮಠದ ಭಸ್ಮದಿಂದ ಗುಣವಾದ ಕಥೆಗಳು ನಿಮ್ಮಲ್ಲಿಯೂ ಇವೆ, ನಮಗೂ ಬಂದು ಹೇಳುತ್ತೀರಿ. ರೋಸ್ ಅವರಂತೆ ಒಬ್ಬರು ಬಂದು ಆ ೯೫ನ್ನು ಬೆನ್ನುಹತ್ತಿದರೆ ನಮ್ಮಲ್ಲಿ ಎಷ್ಟು ಉಳಿಯುತ್ತದೆ? ನಾವು ಲೆಕ್ಕ ಇಟ್ಟಿಲ್ಲ. ಗುಣವಾದವರು ಹಣ್ಣುಕಾಯಿ ಹಿಡಿದು ಬರುತ್ತಾರೆ, ಆಗದವರು ಬರುವುದಿಲ್ಲ. ಬಂದವರನ್ನಷ್ಟೇ ಎಣಿಸಿದರೆ ಲೆಕ್ಕ ಯಾವಾಗಲೂ ಚೆನ್ನಾಗಿಯೇ ಇರುತ್ತದೆ.

ಇರಲಿ. ತಮ್ಮ ವಿದ್ಯೆಯನ್ನು ಸಿದ್ಧಪಡಿಸಿ ತೋರಿಸಲು ಆ ಹೀಲರುಗಳಿಗೆ ಆಗಲಿಲ್ಲ. ಆದರೆ ಇನ್ನೊಂದು ಕೆಲಸ ಮಾಡಿದರು. ತಾವು ಏನನ್ನು ಮಾಡುವುದಿಲ್ಲ ಎಂಬುದನ್ನು ಬರೆದುಕೊಂಡರು. ನಮ್ಮ ಮನಸ್ಸನ್ನು ಹಿಡಿದದ್ದು ಇದು.

ರೋಗ ಇಂಥದು ಎಂದು ನಾವು ಹೇಳುವುದಿಲ್ಲ, ಅದು ವೈದ್ಯರ ಕೆಲಸ. ಗುಣವಾಗುತ್ತದೆ ಎಂದು ಮಾತು ಕೊಡುವುದಿಲ್ಲ. ವೈದ್ಯರು ಕೊಟ್ಟ ಔಷಧಿಯನ್ನು ಬಿಡು ಎಂದಾಗಲಿ, ಕಡಿಮೆ ಮಾಡು ಎಂದಾಗಲಿ, ಆ ಶಸ್ತ್ರಚಿಕಿತ್ಸೆ ಬೇಡ ಎಂದಾಗಲಿ ಹೇಳುವುದಿಲ್ಲ. ಬಂದವರನ್ನು ಮೊದಲು ಕೇಳುತ್ತೇವೆ, ವೈದ್ಯರಿಗೆ ತೋರಿಸಿದ್ದೀರಾ, ಅವರು ಏನು ಹೇಳಿದರು ಎಂದು. ತೋರಿಸಿಲ್ಲವಾದರೆ ತೋರಿಸಿ ಎನ್ನುತ್ತೇವೆ. ಒಲ್ಲೆ ಎಂದರೆ ಬಲವಂತವಿಲ್ಲ, ಆದರೆ ನಾವು ಹೇಳಿದ್ದನ್ನು ಪುಸ್ತಕದಲ್ಲಿ ಬರೆದಿಡುತ್ತೇವೆ. ಒಪ್ಪಿಗೆಯಿಲ್ಲದೆ ಮೈ ಮುಟ್ಟುವುದಿಲ್ಲ. ಒಬ್ಬರ ಕಥೆಯನ್ನು ಇನ್ನೊಬ್ಬರಿಗೆ ಹೇಳುವುದಿಲ್ಲ.

ಮಕ್ಕಳ ವಿಚಾರದಲ್ಲಿ ಇನ್ನೂ ಬಿಗಿ. ಹದಿನಾರು ತುಂಬದ ಮಗುವಿಗೆ ವೈದ್ಯರ ನೆರವನ್ನು ಬೇಕೆಂದೇ ತಪ್ಪಿಸಿದ ತಂದೆತಾಯಿ ಆ ನಾಡಿನಲ್ಲಿ ಅಪರಾಧಿಗಳಾಗುತ್ತಾರೆ. ಇದಕ್ಕೆ ೧೯೩೩ರ ಕಾಯಿದೆಯಿದೆ. ಆದಕಾರಣ ಮಗುವನ್ನು ಕರೆತಂದವರಿಗೆ ಹೀಲರು ಇದನ್ನು ಮೊದಲು ತಿಳಿಸಬೇಕು. ಬಾಣಂತಿಯ ಹತ್ತಿರ, ಹೆರಿಗೆಯ ಹೊತ್ತಿನಲ್ಲಿ, ಆ ವಿದ್ಯೆ ಕಲಿಯದವರು ಹೋಗಕೂಡದು. ಆಸ್ಪತ್ರೆಯಲ್ಲಿ ಮಲಗಿದವರಿಗಾಗಿ ಪ್ರಾರ್ಥಿಸಲು ಹೋದರೆ ಅಲ್ಲಿಯ ನರ್ಸಮ್ಮನ ಅಪ್ಪಣೆ ಬೇಕು. ಆಸ್ಪತ್ರೆಯವರೇ ಎಂದು ಭ್ರಮೆ ಹುಟ್ಟಿಸುವ ಬಿಳಿಯ ಕೋಟು ತೊಟ್ಟುಕೊಂಡು ಹೋಗಕೂಡದು.

ಈ ಬಿಳಿಯ ಕೋಟಿನ ಮಾತು ಓದಿದಾಗ ನಾವು ನಮ್ಮ ಕಾವಿಯನ್ನು ನೋಡಿಕೊಂಡೆವು. ಆ ಬಿಳಿ ಬಟ್ಟೆಗಿಂತ ಈ ಬಟ್ಟೆ ಹೆಚ್ಚು ಮಾತಾಡುತ್ತದೆ. ನಾವು ಬಾಯಿ ಬಿಡುವ ಮೊದಲೇ ಇದು ಮಾತು ಕೊಟ್ಟುಬಿಟ್ಟಿರುತ್ತದೆ. ಬಿಚ್ಚಿಟ್ಟು ಬರುವ ಹಾಗೂ ಇಲ್ಲ. ಹಾಗಿದ್ದ ಮೇಲೆ ಬಾಯಿಯೇ ಹೆಚ್ಚು ಎಚ್ಚರವಾಗಿರಬೇಕಲ್ಲವೇ?

ಇಷ್ಟಕ್ಕೆ ಎಲ್ಲ ಸರಿಹೋಯಿತೇ? ಇಲ್ಲ. ಮನುಷ್ಯ ಸ್ವಭಾವ ಎಲ್ಲಿಯೂ ಒಂದೇ. ಒಂದು ಸಂಘ ಎರಡಾಯಿತು, ನಾಲ್ಕಾಯಿತು, ಆಮೇಲೆ ಸಂಘಗಳನ್ನು ಕೂಡಿಸುವ ಮಹಾಸಂಘವೂ ೧೯೮೧ರಲ್ಲಿ ಹುಟ್ಟಿತು. ಎಣ್ಣೆ ತಿಕ್ಕುವವರು, ಪಾದ ಒತ್ತುವವರು, ಹರಳು ಹಿಡಿಯುವವರು, ಸೂಜಿ ಚುಚ್ಚುವವರು, ಎಲ್ಲರಿಗೂ ಬೇರೆ ಬೇರೆ ಸಂಘ. ಒಂದು ಸಂಘ ಹೊರಹಾಕಿದವನು ಇನ್ನೊಂದಕ್ಕೆ ಸೇರಬಹುದು, ಯಾವುದಕ್ಕೂ ಸೇರದೆಯೂ ಅಂಗಡಿ ತೆರೆಯಬಹುದು. ಮಠಗಳ ವಿಚಾರದಲ್ಲಿ ಇಂಥದನ್ನು ಕಂಡ ನಿಮಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ.

ಕಡೆಗೆ ಪಾರ್ಲಿಮೆಂಟಿನ ಹಿರಿಯ ಸದನವಾದ ಹೌಸ್ ಆಫ್ ಲಾರ್ಡ್ಸ್ ಇದನ್ನು ಕೈಗೆತ್ತಿಕೊಂಡಿತು. ಲಾರ್ಡ್ ವಾಲ್ಟನ್ ಎಂಬ ಹಿರಿಯ ವೈದ್ಯರ ಮುಂದಾಳುತನದಲ್ಲಿ ವಿಚಾರಣೆ ನಡೆದು ೨೦೦೦ದ ನವೆಂಬರಿನಲ್ಲಿ ವರದಿ ಹೊರಬಿತ್ತು. ಚಿಕಿತ್ಸೆಗಳನ್ನು ಮೂರು ಗುಂಪು ಮಾಡಿದರು. ಎಲುಬು ಕೀಲು ನೋಡುವ ಆಸ್ಟಿಯೋಪಥಿ, ಕೈರೋಪ್ರ್ಯಾಕ್ಟಿಕ್, ಸೂಜಿ ಚಿಕಿತ್ಸೆ, ಗಿಡಮೂಲಿಕೆ, ಹೋಮಿಯೋಪಥಿ, ಇವು ಮೊದಲನೆಯ ಗುಂಪು. ಕೈಯಿಟ್ಟು ಹರಸುವುದು ಎರಡನೆಯದರಲ್ಲಿ. ನಮ್ಮ ಆಯುರ್ವೇದ ಎಲ್ಲಿ? ಮೂರನೆಯದರಲ್ಲಿ! ಹರಳು ಹಿಡಿಯುವವರೂ ಅದೇ ಗುಂಪಿನಲ್ಲಿ, ಒಳಗೊಂದು ಗೆರೆ ಎಳೆದು ಬೇರೆ ಕೂರಿಸಿದ್ದರು ಅಷ್ಟೆ. ಅಲ್ಲಿಯ ಭಾರತೀಯರು ಪ್ರತಿಭಟಿಸಿದರು. ಚರಕ ಸುಶ್ರುತರ ವಿದ್ಯೆಗೆ ಈ ಗತಿಯೇ ಎಂದು ನಮಗೂ ಮೊದಲು ರೋಷ ಬಂತು. ಆಮೇಲೆ ವರದಿಯ ಒಳಗಣ ಮಾತು ಕೇಳಿ ರೋಷ ಸ್ವಲ್ಪ ಇಳಿಯಿತು. ನಿಮ್ಮ ವಿದ್ಯೆ ಎಷ್ಟು ಹಳೆಯದು ಎಂದು ಅವರು ಕೇಳಿರಲಿಲ್ಲ. ಪುರಾವೆ ಎಲ್ಲಿದೆ, ಒಂದು ವಿದ್ಯೆಗೆ ಒಂದೇ ಸಂಘ ಯಾಕಿಲ್ಲ, ರೋಗಿಗೆ ತೊಂದರೆಯಾದರೆ ಅವನು ಯಾರ ಬಾಗಿಲು ತಟ್ಟಬೇಕು ಎಂದು ಕೇಳಿದ್ದರು. ಈ ಕೊನೆಯ ಪ್ರಶ್ನೆಗೆ ನಮ್ಮಲ್ಲಿಯೂ ಅನೇಕರ ಬಳಿ ಉತ್ತರವಿಲ್ಲ.

ಸಂಘವಿದ್ದರೂ ಬೇಲಿಯೇ ಎದ್ದು ಹೊಲ ಮೇಯುವುದುಂಟು. ಕೈರೋಪ್ರ್ಯಾಕ್ಟಿಕ್‌ನವರಿಗೆ ೧೯೯೪ರಲ್ಲಿಯೇ ಕಾಯಿದೆ ಆಗಿ, ಸರಕಾರದ ಮನ್ನಣೆಯ ಮಂಡಲಿಯೂ ಆಗಿತ್ತು. ಅದಲ್ಲದೆ ಅವರದೇ ಸದಸ್ಯರ ಸಂಘವೂ ಇತ್ತು. ೨೦೦೮ರಲ್ಲಿ ಸೈಮನ್ ಸಿಂಗ್ ಎಂಬ ಲೇಖಕರು, ಪಂಜಾಬಿ ಮನೆತನದವರು, ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಕೂಸುಗಳ ಹೊಟ್ಟೆನೋವು, ಕಿವಿಯ ಸೋಂಕು, ಉಬ್ಬಸ, ಇವನ್ನೆಲ್ಲ ಬೆನ್ನೆಲುಬು ಒತ್ತಿ ಸರಿಪಡಿಸಬಹುದೆಂಬ ಮಾತಿಗೆ ಆಧಾರವಿಲ್ಲ ಎಂದರು. ಸಂಘ ಏನು ಮಾಡಬೇಕಿತ್ತು? ಆಧಾರ ಇದ್ದರೆ ತೋರಿಸಬೇಕಿತ್ತು, ಇಲ್ಲದಿದ್ದರೆ ತಿದ್ದಿಕೊಳ್ಳಬೇಕಿತ್ತು. ಅದು ಮಾನನಷ್ಟದ ಮೊಕದ್ದಮೆ ಹೂಡಿತು. ಎರಡು ವರ್ಷ ಅಲೆದಾಟ. ೨೦೧೦ರ ಏಪ್ರಿಲಿನಲ್ಲಿ ಮೇಲಿನ ನ್ಯಾಯಾಲಯ ಲೇಖಕರ ಪರವಾಗಿ ಮಾತಾಡಿದ ಮೇಲೆ ಸಂಘ ಹಿಂದೆ ಸರಿಯಿತು. ಅಷ್ಟರಲ್ಲಿ ಜನ ಎಚ್ಚತ್ತು, ಇಂಥ ಮಾತುಗಳನ್ನು ಪ್ರಚಾರ ಮಾಡುತ್ತಿದ್ದವರ ಮೇಲೆ ಮಂಡಲಿಗೆ ನೂರಾರು ದೂರು ಕೊಟ್ಟಿದ್ದರು. ಆ ವೃತ್ತಿಯ ಇನ್ನೊಂದು ಸಂಘ ೨೦೦೯ರಲ್ಲಿ ತನ್ನ ಸದಸ್ಯರಿಗೆ ಬರೆಯಿತಂತೆ: ನಿಮ್ಮ ಜಾಲತಾಣಗಳನ್ನು ಮುಚ್ಚಿರಿ, ಹಂಚುವ ಕರಪತ್ರಗಳನ್ನು ತೆಗೆದಿಡಿರಿ ಎಂದು. ನಂಬಿಕೆಯಿಂದ ಹಂಚಿದ ಕಾಗದವಾಗಿದ್ದರೆ ಬಚ್ಚಿಡುವುದೇಕೆ?

ಇಲ್ಲಿ ನಮಗೆ ಹೊಳೆದದ್ದು ಇಷ್ಟು. ಸದಸ್ಯರನ್ನು ಕಾಯುವುದು ಒಂದು ಕೆಲಸ, ಸದಸ್ಯರಿಂದ ಜನರನ್ನು ಕಾಯುವುದು ಇನ್ನೊಂದು ಕೆಲಸ. ಎರಡನ್ನೂ ಒಬ್ಬನ ಕೈಗೇ ಕೊಟ್ಟರೆ ಅವನು ಮೊದಲನೆಯದನ್ನೇ ಮಾಡುತ್ತಾನೆ. ಕೆಟ್ಟವನಾಗಿ ಅಲ್ಲ, ನೆಂಟರ ಮೇಲಿನ ಮೋಹದಿಂದ. ಇದನ್ನು ಅರಿತೇ ಅಲ್ಲಿಯ ವೈದ್ಯರ ಮಂಡಲಿಯನ್ನು ೨೦೦೯ರಲ್ಲಿ ಬದಲಾಯಿಸಿದರು. ವೈದ್ಯರು ಎಷ್ಟು ಜನವೋ, ವೈದ್ಯರಲ್ಲದ ಸಾಮಾನ್ಯರೂ ಅಷ್ಟೇ ಜನ.

ಪೂರಕ ಚಿಕಿತ್ಸೆಯವರಿಗೂ ೨೦೦೮ರಲ್ಲಿ ಸರಕಾರದ ಹಣದ ನೆರವಿನಿಂದ ಒಂದು ಮಂಡಲಿ ಶುರುವಾಯಿತು. ಸೇರುವುದು ಬಿಡುವುದು ಅವರವರ ಇಷ್ಟ. ಹೀಲರುಗಳಿಗೂ ಅಲ್ಲಿ ಜಾಗ ದೊರೆಯಿತು. ಪತ್ರಿಕೆಯವರು ಅದಕ್ಕೆ ಅಣಕದ ಅಡ್ಡಹೆಸರಿಟ್ಟು ನಕ್ಕರು. ಮಂಡಲಿ ಉಳಿದುಕೊಂಡಿತು. ೨೦೧೩ರಲ್ಲಿ ಅದರ ರಿಜಿಸ್ಟರಿಗೆ ಮೇಲಿನ ಪ್ರಾಧಿಕಾರವೊಂದರ ಮುದ್ರೆಯೂ ಬಿತ್ತು. ಆ ಮುದ್ರೆಯ ಅರ್ಥವನ್ನು ಚೆನ್ನಾಗಿ ತಿಳಿಯಬೇಕು. ಇವನು ತರಬೇತಿ ಪಡೆದಿದ್ದಾನೆ, ಇವನಿಗೆ ವಿಮೆಯಿದೆ, ಇವನ ಮೇಲೆ ದೂರು ಕೊಟ್ಟರೆ ಕೇಳುವವರಿದ್ದಾರೆ, ಇಷ್ಟೇ. ಇವನ ಚಿಕಿತ್ಸೆಯಿಂದ ರೋಗ ಗುಣವಾಗುತ್ತದೆ ಎಂದು ಆ ಮುದ್ರೆ ಹೇಳುವುದಿಲ್ಲ. ಜನ ಗೋಡೆಯ ಮೇಲಿನ ಚೌಕಟ್ಟು ನೋಡಿ ಹಾಗೆಂದೇ ಓದಿಕೊಳ್ಳುತ್ತಾರೆ. ಚೌಕಟ್ಟು ಹಾಕಿದವನು ಹಾಗಲ್ಲ ಎಂದು ತಿದ್ದುವುದೂ ಅಪರೂಪ.

ನಮ್ಮ ದೇಶಕ್ಕೆ ಬರೋಣ. ಹೀಲರುಗಳು ಅಲ್ಲಿ ಒಕ್ಕೂಟ ಕಟ್ಟಿದ ಅದೇ ೧೯೫೪ರಲ್ಲಿ ನಮ್ಮ ಪಾರ್ಲಿಮೆಂಟು ಔಷಧಿ ಮತ್ತು ಮಾಯಾ ಪರಿಹಾರಗಳ ಜಾಹೀರಾತಿನ ಮೇಲೆ ಕಾಯಿದೆ ಮಾಡಿತು. ಮಾಯಾ ಪರಿಹಾರ ಎಂದರೇನು ಎಂಬುದಕ್ಕೆ ಅದರಲ್ಲಿ ತಾಯಿತ, ಮಂತ್ರ, ಕವಚ ಎಂದೇ ಬರೆದಿದೆ. ಸಕ್ಕರೆ ಕಾಯಿಲೆ, ಕ್ಯಾನ್ಸರ್, ಮೂರ್ಛೆರೋಗ, ಇವೆಲ್ಲ ಅದರ ಪಟ್ಟಿಯಲ್ಲಿವೆ. ಎಪ್ಪತ್ತು ವರ್ಷ ದಾಟಿತು. ಬಸ್ ನಿಲ್ದಾಣದ ಗೋಡೆಗಳನ್ನು ಓದಿದರೆ ಅಂಥದೊಂದು ಕಾಯಿದೆ ಇದೆ ಎಂದು ಯಾರಿಗೂ ಅನ್ನಿಸುವುದಿಲ್ಲ. ಆಯುರ್ವೇದ ಪಂಡಿತರಿಗೆ ಮಂಡಲಿಯಿದೆ, ರಿಜಿಸ್ಟರು ಇದೆ. ಭಸ್ಮ ಕೊಡುವ ನಮಗೆ ಏನಿದೆ? ನಾವು ಜಾಹೀರಾತು ಕೊಡುವುದಿಲ್ಲ, ಆದ್ದರಿಂದ ಆ ಕಾಯಿದೆ ನಮ್ಮನ್ನು ಮುಟ್ಟುವುದಿಲ್ಲ. ಹಣ ಕೇಳುವುದಿಲ್ಲ, ಆದ್ದರಿಂದ ಗಿರಾಕಿಯ ದೂರಿಗೂ ಸಿಕ್ಕುವುದಿಲ್ಲ. ಯಾರ ಕೈಗೂ ಸಿಕ್ಕದ ಜಾಗದಲ್ಲಿ ಕುಳಿತಿದ್ದೇವೆ. ಅಂಥ ಜಾಗದಲ್ಲಿ ಕುಳಿತಿದ್ದಾಗಲೇ ಆ ರೈತರ ಪಾದ ಹೋದದ್ದು.

ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣ ಎಂಬುವರಿದ್ದರು. ವೈದ್ಯವೇ ಅವರ ಕಾಯಕ. ಶರಣರು ಅನುಭಾವದಲ್ಲಿ ಮುಳುಗಿದ್ದರೂ ವೈದ್ಯನೊಬ್ಬ ಬೇಕಾಗಿಯೇ ಇದ್ದ, ಅವನನ್ನು ಶರಣನೆಂದೇ ಕಂಡರು ಎಂಬುದನ್ನು ನಾವು ಎಷ್ಟು ಸಲ ನೆನೆಸಿಕೊಂಡಿದ್ದೇವೆ? ಅನುಭವ ಮಂಟಪದಲ್ಲಿ ಪ್ರಶ್ನೆಗೆ ಹೊರತಾದವರು ಯಾರೂ ಇರಲಿಲ್ಲ ಎಂದು ನಾವೇ ವೇದಿಕೆಯ ಮೇಲಿಂದ ಹೇಳುತ್ತೇವೆ. ಹೇಳಿ ಇಳಿದು ಬಂದು ನಮ್ಮ ಕೋಣೆಯ ಬಾಗಿಲು ಹಾಕಿಕೊಳ್ಳುತ್ತೇವೆ.

ಆದಕಾರಣ ಈ ಶ್ರಾವಣದಿಂದ ಮಠದಲ್ಲಿ ಕೆಲವು ಬದಲಾವಣೆ ಮಾಡಿದ್ದೇವೆ. ಭಸ್ಮ ನಿಲ್ಲಿಸಿಲ್ಲ, ಹೆದರಬೇಡಿ. ರೋಗದ ಮಾತೆತ್ತಿ ಬಂದವರಿಗೆ ಭಸ್ಮ ಕೊಡುವ ಮೊದಲು ಯಾವ ವೈದ್ಯರಿಗೆ ತೋರಿಸಿದ್ದೀರಿ, ಏನು ಔಷಧಿ ನಡೆದಿದೆ ಎಂದು ಕೇಳುತ್ತೇವೆ. ಭಸ್ಮ ಹಣೆಗೆ, ಗಾಯಕ್ಕೂ ಅಲ್ಲ, ಹೊಟ್ಟೆಗೂ ಅಲ್ಲ. ಮೂರ್ಛೆ ಬೀಳುವ ಮಗುವನ್ನು, ಜ್ವರದ ಕೂಸನ್ನು ಮೊದಲು ಇಲ್ಲಿಗೆ ತರಬೇಡಿ, ಆಸ್ಪತ್ರೆಗೆ ಒಯ್ಯಿರಿ. ನಾವೇ ಅಲ್ಲಿಗೆ ಬಂದು ಹರಸುತ್ತೇವೆ. ಗುಣವಾದ ಕಥೆಗಳನ್ನು ಮಠದ ಪತ್ರಿಕೆಯಲ್ಲಿ ಇನ್ನು ಅಚ್ಚು ಹಾಕುವುದಿಲ್ಲ. ಇದಕ್ಕೆ ಸಂಪಾದಕರ ಮುಖ ಸಣ್ಣದಾಗಿದೆ, ಅರ್ಧ ಪುಟ ಖಾಲಿ ಬೀಳುತ್ತದಂತೆ.

ಇನ್ನೊಂದು. ನಮ್ಮ ಮಾತಿನಿಂದಾಗಲಿ, ಮಠದ ಯಾವ ಮರಿಯ ಮಾತಿನಿಂದಾಗಲಿ ಯಾರಿಗಾದರೂ ತೊಂದರೆಯಾದರೆ ದೂರು ಹೇಳಲು ಮೂವರನ್ನು ಗೊತ್ತುಮಾಡಿದ್ದೇವೆ. ಒಬ್ಬರು ನಿವೃತ್ತ ನರ್ಸು, ಒಬ್ಬರು ಪೇಟೆಯ ವೈದ್ಯರು. ಇವರಿಬ್ಬರೂ ಮಠದ ಅನ್ನ ಉಣ್ಣುವವರಲ್ಲ. ಅವರಲ್ಲಿ ಒಬ್ಬರು ನಮ್ಮ ಮತದವರೂ ಅಲ್ಲ. ಬೇಕೆಂದೇ ಹಾಗೆ ಆರಿಸಿದೆವು. ಮೂರನೆಯವರು ನಾವು ಮೊದಲಿಗೆ ಹೇಳಿದ ರೈತರು. ಕೇಳಿದಾಗ ಅವರು ಬಹಳ ಹಿಂಜರಿದರು, ಬುದ್ಧಿಯವರ ಮೇಲೆ ನಾನು ವಿಚಾರಣೆ ಮಾಡುವುದೇ ಎಂದು ಕಣ್ಣೀರು ಹಾಕಿದರು. ಒಪ್ಪಿಸಲು ಮೂರು ಸಲ ಅವರ ಮನೆಗೆ ಹೋಗಬೇಕಾಯಿತು.

ಈಗ ಅವರು ದಿನವೂ ಭಸ್ಮದ ತಟ್ಟೆಯ ಪಕ್ಕದ ಕಂಬಕ್ಕೆ ಊರುಗೋಲು ಒರಗಿಸಿ ಕುಳಿತಿರುತ್ತಾರೆ. ಬಂದವರಿಗೆಲ್ಲ "ಗುಳಿಗೆ ಬಿಟ್ಟಿಲ್ಲ ತಾನೆ?" ಎಂದು ಕೇಳುತ್ತಾರೆ. ಯಾರಾದರೂ ಬಿಟ್ಟಿದ್ದೇನೆ ಎಂದರೆ ಅವರು ವಾದಿಸುವುದಿಲ್ಲ, ಪಂಚೆಯನ್ನು ಸ್ವಲ್ಪ ಮೇಲಕ್ಕೆತ್ತಿ ಕಾಲು ತೋರಿಸುತ್ತಾರೆ. ನಿನ್ನೆ ಸಂಜೆ ಪೂಜೆ ಮುಗಿಸಿ ಹೊರಗೆ ಬಂದಾಗ ನಮ್ಮನ್ನೂ ತಡೆದರು. "ಬುದ್ಧೀ, ನಿಮ್ಮ ರಕ್ತದೊತ್ತಡದ ಗುಳಿಗೆ ಆತಾ?" ಎಂದರು.

ಆಗಿರಲಿಲ್ಲ. ಹೋಗಿ ನುಂಗಿ ಬಂದೆವು.